ಎಡಗಡೆಯ ಹನಿ

ಟೆಂಟಿನ ವಿಷಯದಲ್ಲಿ ನನ್ನನ್ನು ಮೀರಿಸುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅಂಬೆಗಾಲಿಡುತ್ತಿರಬೇಕು. ಕಿರುಬೆರಳಿಗೆ ತಗುಲಿಸಿಕೊಂಡರೆ ಸಾಕು, ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ಹೇಳುತ್ತೇನೆ. ತಕ್ಕಡಿ ಬೇರೆ ಹೇಳಿದರೆ ತಕ್ಕಡಿಯನ್ನು ರಿಪೇರಿಗೆ ಕಳಿಸುತ್ತೇನೆ.

ನನ್ನ ಅಂಗಡಿಯದೊಂದು ಕಟ್ಟಳೆ. ಕೊಳ್ಳುವವರು ಹಿತ್ತಲಲ್ಲಿ ಟೆಂಟು ಕಟ್ಟಿ ಒಂದು ರಾತ್ರಿ ಮಲಗಬೇಕು. ಬೆಳಿಗ್ಗೆ ನಾನು ಒಳಗೆ ತಲೆ ತೂರಿಸುತ್ತೇನೆ. ಹಗುರ ಟೆಂಟಿಗೆ ಒಂದೇ ಪದರದ ಬಟ್ಟೆ. ಮಲಗಿದವರ ಉಸಿರು ಅವರವರ ತಲೆಯ ಮೇಲೆ ಹನಿಗಟ್ಟುತ್ತದೆ. ಆ ಹನಿ ನೋಡಿ ಎಷ್ಟು ಜನ ಮಲಗಿದ್ದರು, ಯಾರು ಗೊರಕೆ ಹೊಡೆದರು, ಯಾರು ಹೆಂಡತಿಗೆ ಬೆನ್ನು ಹಾಕಿದ್ದರು, ಎಲ್ಲ ಹೇಳುತ್ತೇನೆ. ಇದರಿಂದ ಮುರಿದ ಮದುವೆಗಳೇ ಸಾವಿರ. ಸರಿ, ಒಂದು.

ಭಾವ ಎದೆನೋವಿನಿಂದ ತೀರಿಕೊಂಡ ಹತ್ತನೇ ತಿಂಗಳಿಗೆ ತಂಗಿ ಅಂಗಡಿಗೆ ಬಂದಳು. ಇಪ್ಪತ್ತು ವರ್ಷ ಗಂಡ ಹೆಂಡತಿ ಇಬ್ಬರೂ ಒಂದೇ ಟೆಂಟು ಹೊತ್ತು ಬೆಟ್ಟ ಸುತ್ತಿದವರು. ಒಳಗೆ ಅವನು ಎಡಕ್ಕೆ, ಇವಳು ಬಲಕ್ಕೆ. ಈಗ ಒಬ್ಬಳೇ ಹೊರಟಿದ್ದಳು. ಮಂಡಿ ಸವೆದಿತ್ತು. ಹಳೆಯ ಟೆಂಟೂ ಒಂದೇ ಪದರದ್ದು, ಆದರೆ ದಪ್ಪ ಬಟ್ಟೆ, ಎರಡೂವರೆ ಕಿಲೋ. ನಾನು ತೋರಿಸಿದ ಟಾರ್ಪಾಲು ನಾನೂರು ಗ್ರಾಮು. ಊರುಗೋಲನ್ನೇ ಕಂಬ ಮಾಡಿದರಾಯಿತು.

“ಇದನ್ನ ತಗೊಂಡ್ರೆ ಅವರನ್ನ ಬಿಟ್ಟು ಹೋದಂಗಾಗುತ್ತೆ, ಅಣ್ಣ.”

“ಇನ್ನೇನು, ಭಾವನ್ನ ಬೆನ್ನ ಮೇಲೆ ಹೊರ್ತೀಯಾ? ಮಧ್ಯದಾರೀಲಿ ಮಂಡಿ ಕೈಕೊಟ್ರೆ ನಿನ್ನ ಹೊತ್ತು ತರೋರ್ಯಾರು?”

ಅವಳು ಟಾರ್ಪಾಲನ್ನು ಮಡಿಸಿಟ್ಟಳು. “ಇವತ್ತು ಹಳೇದ್ರಲ್ಲೇ ಮಲಗ್ತೀನಿ. ಬೆಳಿಗ್ಗೆ ನೀನು ನೋಡಿ ಹೇಳು. ಒಬ್ಬಳದೇ ಉಸಿರಾದ್ರೆ ಟಾರ್ಪಾಲು. ಇಬ್ಬರದಾದ್ರೆ, ಮಂಡಿ ಹೋದ್ರೂ ಸರಿ, ಹಳೇದನ್ನೇ ಹೊರ್ತೀನಿ. ಆದ್ರೆ ನಿನ್ನ ದಮ್ಮಯ್ಯ, ಇರುವೆನ ಆನೆ ಮಾಡ್ಬೇಡ.”

ಬೆಳಿಗ್ಗೆ ಅವಳು ಹೊರಗೆ ಕಾಯುತ್ತಿದ್ದಳು. ನಾನು ತಲೆ ತೂರಿಸಿದೆ. ಬಲಗಡೆ, ಅವಳ ದಿಂಬಿನ ನೇರಕ್ಕೆ ಮೇಲಿನ ಬಟ್ಟೆಯಲ್ಲಿ, ಅಂಗೈಯಗಲ ಹನಿ. ಎಡಗಡೆ ಬರಿನೆಲ. ಅದರ ನೇರಕ್ಕೂ ಬಟ್ಟೆಯಲ್ಲಿ ಅಷ್ಟೇ ಅಗಲ, ಅಷ್ಟೇ ದಟ್ಟ ಹನಿ. ಒಂದು ಜಾರಿ ನನ್ನ ಹುಬ್ಬಿನ ಮೇಲೆ ಬಿತ್ತು. ಬೆಚ್ಚಗಿತ್ತು. ಬೇಕಿದ್ದರೆ ನನ್ನ ಮಿಕ್ಕ ಮಾತೆಲ್ಲ ಸುಳ್ಳೆಂದುಕೊಳ್ಳಿ, ಇದೊಂದನ್ನು ನಂಬಿ.

ತೋಳಿನಿಂದ ಎಡಗಡೆ ಒರೆಸಿ ಹೊರಬಂದೆ.

“ಎಷ್ಟು?”

“ಒಂದು.”

ಅವಳು ನನ್ನ ಒದ್ದೆ ತೋಳನ್ನು ನೋಡಿದಳು. “ಹುಟ್ಟಿದಾಗಿಂದ ನೀನು ಯಾವುದನ್ನೂ ಹತ್ತಕ್ಕಿಂತ ಕಡಿಮೆ ಹೇಳಿದವನಲ್ಲ.”

ನಾನು ತೋಳನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಅವಳು ಮೆಲ್ಲಗೆ ಮಂಡಿಯೂರಿ ಟೆಂಟಿನೊಳಗೆ ಬಾಗಿದಳು. “ರೀ, ಈ ಸಲ ನೀವು ಇಲ್ಲೇ ಇರಿ. ಅಣ್ಣ ಇದಾನೆ. ಬುರುಡೆ ಕೇಳ್ತಾ ಇರಿ.”

ಟಾರ್ಪಾಲು ಹೆಗಲಿಗೇರಿಸಿ ಹೊರಟೇಬಿಟ್ಟಳು.

ತಂಗಿ ಬೆಟ್ಟಕ್ಕೆ ಹೋಗಿ ಹನ್ನೊಂದು ದಿನವಾಯಿತು, ಇನ್ನೂ ಬಂದಿಲ್ಲ. ಟೆಂಟು ಹಿತ್ತಲಲ್ಲೇ ಇದೆ. ಒಳಗೆ ಯಾರೂ ಮಲಗುವುದಿಲ್ಲ. ಸಂಜೆ ಪಕ್ಕದಲ್ಲಿ ಕೂತು ಭಾವನಿಗೆ ಬುರುಡೆ ಬಿಡುತ್ತೇನೆ. ದೊಡ್ಡ ಸುಳ್ಳು ಹೇಳಿದ ಮರುದಿನ ಎಡಗಡೆ ತೊಟ್ಟಿಕ್ಕುತ್ತಿರುತ್ತದೆ, ಬಾಯಿಬಿಟ್ಟು ನಕ್ಕಿರಬೇಕು. ಬೆಳಿಗ್ಗೆ ಎದ್ದು ಅದನ್ನು ಒರೆಸುತ್ತೇನೆ.

ಆದರೆ ಮೊದಲು ಕೈಯಿಡುವುದು ಬಲಗಡೆಗೆ, ತಂಗಿಯ ಜಾಗಕ್ಕೆ. ಅದು ಒಣಗಿದೆಯೆಂದು ಖಾತ್ರಿಯಾಗುವವರೆಗೆ ಉಸಿರು ಬಿಡುವುದಿಲ್ಲ.

ಇವತ್ತೂ ಒಣಗಿತ್ತು.