ಚಪ್ಪಾಳೆ ಯರ್ರೆಪ್ಪ ಎದ್ದು ಹೋದದ್ದು

"ಎಲ್ಲಿಟ್ಟಿದ್ದಿಲೇ ಕೈಗುಳ್ನ, ಸೂಳಿಮಗನ? ತಿಕದಾಗ ಇಟ್ಕಂಡಿದ್ದೇನು?"

ಕೊಟ್ಟೂರಿನ ಸಭೆ ಮುಗಿದು ಜನ ಟ್ರ್ಯಾಕ್ಟರ್ ಹತ್ತುತ್ತಿದ್ದರು. ಅವರೆಲ್ಲರ ಎದುರಿಗೇ ಕಾಂತೇಶ್ ಯರ್ರೆಪ್ಪನ ಕೊರಳಪಟ್ಟಿ ಹಿಡಿದು ಅಲುಗಾಡಿಸಿದ. ಕಾಂತೇಶ್ ಅಂದರೆ ಧಣಿ ಕೊಟ್ರಗೌಡರ ಬಲಗೈ. ಯಾವ ಪಕ್ಷದ ಸಭೆಯಾದರೂ ಸರಿ, ಕೇರಿಯ ಜನರನ್ನು ಟ್ರ್ಯಾಕ್ಟರಿಗೆ ತುಂಬಿ ಒಯ್ಯುವ ಗುತ್ತಿಗೆ ಅವನದು.

"ಲೀಡರ್ ಸಾಹೇಬ್ರು ಅಷ್ಟು ದೊಡ್ಡ ಮಾತು ಹೇಳಿ, ಬಾಯಿ ತಕ್ಕಂಡು ನಿಂತ್ರಲ್ಲೋ! ಈಗ ಚಪ್ಪಾಳಿ ಬರ್ತಾವು, ಆಗ ಬರ್ತಾವು ಅಂತ ನೋಡಿದ್ರು. ಒಂದು ನೊಣನೂ ಹಾರ್ಲಿಲ್ಲ."

"ತೂಕಡಿಕಿ ಬಂತ್ರಿ ಅಣ್ಣಾರ. ಮುಂಜಾನಿಂದ ಮೂಟಿ ಹೊತ್ತು ಬಂದಿದ್ದೆ."

"ನೀ ತೂಕಡಿಸಿದ್ರ ಮಂದಿ ಎಲ್ಲಾ ತೂಕಡಿಸ್ತಾರಲೇ ಮಂಗ್ಯಾ!"

ಬೈಗುಳವೇ ಆದರೂ ಈ ಕೊನೆಯ ಮಾತು ಯರ್ರೆಪ್ಪನ ಕಿವಿಗೆ ಹಿತವಾಗಿ ಬಿತ್ತು. ಸುಳ್ಳೇನಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಶಾಮಿಯಾನದಡಿ ಈ ಕೇರಿಯ ಜನ ಕೂತಿದ್ದರೂ ಮೊದಲ ಚಪ್ಪಾಳೆ ಅವನದೇ. ಹಲಗೆ ಬಾರಿಸಿ, ಮೆಕ್ಕೆಜೋಳದ ಮೂಟೆ ಹೊತ್ತು ಗಟ್ಟಿಯಾದ ಅಂಗೈ. ಟಪ್ ಅಂತ ಅವನೊಬ್ಬ ಬಡಿದರೆ ಸಾಕು, ಪಕ್ಕದವನ ಕೈ ತುರಿಸುತ್ತದೆ. ಪಕ್ಕದವನು ಬಡಿದರೆ ಅವನ ಹಿಂದಿನವಳ ಕೈ. ಆಮೇಲೆ ಶಾಮಿಯಾನ ಹಾರಿಹೋಗುವಷ್ಟು ಸದ್ದು. ಯಾತಕ್ಕೆ ಬಡಿದಿರಿ ಅಂತ ಕೇಳಿ ನೋಡಿ, "ಎಲ್ಲಾರೂ ಬಡಿದ್ರು" ಅನ್ನುತ್ತಾರೆ. ದೊಡ್ಡ ದೊಡ್ಡ ಲೀಡರುಗಳು ಮಾತ್ರ ತಮ್ಮ ಮಾತಿಗೇ ಜನ ಮರುಳಾದರು ಅಂತ ಎದೆಯುಬ್ಬಿಸಿ ಕಾರು ಹತ್ತುತ್ತಾರೆ. ಹೋಗಲಿ ಪಾಪ, ಅವರಿಗೂ ರಾತ್ರಿ ನಿದ್ದೆ ಬರಬೇಕಲ್ಲ.

ಕಾಂತೇಶ್ ಕೊರಳಪಟ್ಟಿ ಬಿಟ್ಟ. "ಗುರುವಾರ ನಮ್ಮೂರಾಗ ಗ್ರಾಮಸಭಿ ಐತಿ. ಅವತ್ತೇನಾರ ತೂಕಡಿಸಿದ್ಯೋ, ಮೂಟಿ ಹೊರಾಕೂ ಬರಬ್ಯಾಡ. ನಾಳಿ ಧಣೇರು ಕರದಾರ, ಮನಿ ಕಡಿ ಬಾ."

ಮರುದಿನ ಯರ್ರೆಪ್ಪ ಧಣಿಯ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತ. ಕಟ್ಟೆಯ ಮೇಲೆ ಕೊಟ್ರಗೌಡರು, ಸುತ್ತ ಊರಿನ ನಾಲ್ಕೈದು ಹಿರಿಯರು. ಎಲ್ಲರ ಕೈಯಲ್ಲೂ ಸ್ಟೀಲು ಲೋಟ. ಆಳು ಬಂದು ಯರ್ರೆಪ್ಪನ ಪಾಲಿನ ಚಹಾವನ್ನು ಪ್ಲಾಸ್ಟಿಕ್ ಲೋಟದಲ್ಲಿ ಕಾಂಪೌಂಡ್ ಗೋಡೆಯ ಮೇಲಿಟ್ಟು ಹೋದ.

"ಕುಡಿಲೇ ಯರ್ರಾ. ನಿಂದ ಮಾತಾಡ್ತಿದ್ವಿ," ಅಂದರು ಧಣಿ. "ನಿಮ್ಮ ಸುಡುಗಾಡು ಐತಲ್ಲ, ಕೇರಿ ಹಿಂದ, ಡಾಂಬರ ರೋಡಿಗೆ ಹತ್ತಿ? ಅಲ್ಲಿ ಒಂದು ಗೋದಾಮು ಎಬ್ಬಸ್ಬೇಕು. ನಿಮಗ ಹಳ್ಳದ ಆಚಿ ಕಡಿ ಬ್ಯಾರೆ ಜಾಗ ಕೊಡಸ್ತೀನಿ. ಸತ್ತೋರಿಗೆ ರೋಡ್ ಮಗ್ಗಲ ಯಾಕ ಬೇಕಲೇ? ಬಸ್ ಹತ್ತಿ ಎಲ್ಲಿಗರ ಹೋಕ್ಕಾರೇನು?"

ಕಟ್ಟೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಯರ್ರೆಪ್ಪನೂ ನಕ್ಕ. ಅವರು ನಕ್ಕದ್ದೇ ತಡ, ಅವನ ಬಾಯಿ ತಾನಾಗಿ ತೆರೆದುಕೊಂಡಿತ್ತು. ನಕ್ಕು ಮುಗಿದ ಮೇಲೆ ಹುಲಿಗೆಮ್ಮ ನೆನಪಾದಳು. ಅವನ ಹೆಂಡತಿ. ಹೋದ ಬೇಸಿಗೆಯಲ್ಲಿ ಅವಳನ್ನು ಮಣ್ಣು ಮಾಡಿದ್ದು ಅಲ್ಲೇ. 

"ಠರಾವು ಓದ್ತಾರ. ಓದಿ ಮುಗಿಸಿದ ಕೂಡ್ಲೇ ನೀ ಬಾರ್ಸು. ಸಭಿ ಚಪ್ಪಾಳಿ ತಟ್ಟಿ ಒಪ್ಪಿತು ಅಂತ ಬರಕಂತಾರ, ಮುಗೀತು. ನಿಮ್ಮಕ್ಕ ಅದಾಳಲ್ಲ, ಆ ಸುಂಕಿ, ಆಕಿ ಬಾಯಿ ತಗದ್ರ ಆಗನೂ ಬಾರ್ಸು. ಚಪ್ಪಾಳಿ ಸದ್ದಿನಾಗ ಆಕಿ ಸದ್ದು ಅಡಗಿ ಹೋಕ್ಕತಿ. ತಿಳೀತಾ?"

"ಹೂಂರಿ ಧಣಿ," ಅಂದ ಯರ್ರೆಪ್ಪ. ಚಹಾ ಆರಿತ್ತು. ಆದರೂ ಕುಡಿದ.

ಸುದ್ದಿ ಅವನಿಗಿಂತ ಮೊದಲೇ ಕೇರಿಗೆ ಬಂದು ಕೂತಿತ್ತು. ಸುಂಕಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದಳು. ತಮ್ಮನ ಮುಖ ಕಂಡಿದ್ದೇ ಶುರುಮಾಡಿದಳು.

"ಬಂದ್ಯಾ ನನ್ನ ಗಂಡಸು? ಕಟ್ಟಿಕೊಂಡಾಕಿ ಎದಿ ಮ್ಯಾಲ ಗೋದಾಮು ಕಟ್ಟಾಕ ನೀನ ಚಪ್ಪಾಳಿ ಬಡಿತಿಯೇನ್ಲೇ? ಹೇಲು ತಿನ್ನೋ ಬಾಯಾಗ ಹೂಂ ಅಂದು ಬಂದಿಯಾ?"

"ನಾ ಬಡಿಲಿಲ್ಲಂದ್ರ ಇನ್ನೊಬ್ಬ ಬಡಿತಾನಕ್ಕ. ನಂದೇನು ನಡೀತತಿ?"

"ನಿಂದ ನಡೀತತಿ, ಅದಕ್ಕ ಕರದು ಚಾ ಕುಡಿಸ್ಯಾರ!"

ಸುಂಕಮ್ಮ ಗೋದಾಮಿನ ಗಾಳಿಸುದ್ದಿ ಕೇಳಿ ಬೆಳಿಗ್ಗೆಯಿಂದಲೇ ಕೇರಿಯ ಮನೆಮನೆ ಸುತ್ತಿದ್ದಳು. ಸಭೆಯಲ್ಲಿ ಎದ್ದು ನಿಂತು ಬೇಡ ಅನ್ನೋಣ ಬರ್ರಿ ಅಂತ. ಪಕ್ಕದ ಮನೆಯ ಗಂಗಪ್ಪ, "ಎಲ್ಲಾರೂ ಅಂದ್ರ ನಾನೂ ಅಂತೀನಿ" ಅಂದ. ಎದುರು ಮನೆಯ ರೇಖಾ ಕೂಡ ಅದನ್ನೇ ಅಂದಳು. ಹಿಂದಿನ ಓಣಿಯಲ್ಲಿ ಅದೇ ಮಾತು, ಮುಂದಿನ ಓಣಿಯಲ್ಲೂ ಅದೇ. ಕೇರಿಗೆ ಕೇರಿಯೇ ಎಲ್ಲಾರೂ ಬಂದರೆ ಬರುತ್ತೇನೆ ಅಂತ ಮನೆಯಲ್ಲಿ ಕೂತಿತ್ತು. ಆ ಎಲ್ಲಾರೂ ಎಂಬ ಪುಣ್ಯಾತ್ಮರು ಯಾವ ಊರಲ್ಲಿದ್ದಾರೆ ಅಂತ ಸುಂಕಮ್ಮನಿಗೆ ಗೊತ್ತಾಗಲಿಲ್ಲ.

"ಯಾರೂ ಬ್ಯಾಡ. ನಾನೊಬ್ಬಾಕಿನ ಎದ್ದು ನಿಂದ್ರತೀನಿ," ಅಂದಳು. "ನೀ ಬಡಿ. ನಿನ್ನ ಕೈಯಾಗ ಹುಳ ಬೀಳ."

ಗುರುವಾರ ಪಂಚಾಯ್ತಿಯ ಮುಂದೆ ಶಾಮಿಯಾನ ಎದ್ದಿತು. ಮುಂದೆ ಊರಿನವರಿಗೆ ಕುರ್ಚಿ, ಹಿಂದೆ ಕೇರಿಯವರಿಗೆ ತಾಡಪಾಲು. ಮಗ್ಗುಲಿನ ಗೋಡೆಯ ಮರೆಯಲ್ಲಿ ಧಣಿಯ ಲೆಕ್ಕದ ಪಲಾವು ಬೇಯುತ್ತಿತ್ತು. ದೊಡ್ಡದೊಂದು ಡಬರಿ, ಮೊದಲು ಊರಿನವರಿಗೆ, ಉಳಿದದ್ದು ಕೇರಿಗೆ. ಅದರ ವಾಸನೆಗೆ ಜನರ ಮೂಗೆಲ್ಲ ಅತ್ತ ತಿರುಗಿತ್ತು. ಮೇಲಿನಿಂದ ಬಂದ ಅಧಿಕಾರಿ ಬೀದಿದೀಪ, ಚರಂಡಿ, ಶೌಚಾಲಯ ಅಂತ ಏನೇನೋ ಓದಿದರು. ಯರ್ರೆಪ್ಪ ತಾಡಪಾಲಿನ ನಡುವೆ ಕೂತು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ.

ಅಧಿಕಾರಿ ಗಂಟಲು ಸರಿಮಾಡಿಕೊಂಡು, "ಸ್ಮಶಾನ ಜಾಗದ ಸ್ಥಳಾಂತರ ಕುರಿತು..." ಅಂದಿದ್ದೇ ತಡ, ಸುಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಸಾಹೇಬ್ರ, ನಂದೊಂದು ಮಾತೈತಿ."

 ಕುರ್ಚಿಗಳೆಲ್ಲ ಹಿಂದಕ್ಕೆ ತಿರುಗಿದವು. ವೇದಿಕೆಯ ಮೇಲಿಂದ ಕೊಟ್ರಗೌಡರು ಯರ್ರೆಪ್ಪನನ್ನೇ ನೋಡಿ, ಬಡಿ ಅಂತ ಗದ್ದ ಅಲುಗಿಸಿದರು. ಹಿಂದೆ ನಿಂತಿದ್ದ ಕಾಂತೇಶ್ ಕೆಮ್ಮಿದ. ತಾಡಪಾಲಿನ ಜನವೂ ಯರ್ರೆಪ್ಪನ ಕಡೆಗೇ ನೋಡಿತು. ಇಷ್ಟು ವರ್ಷದ ರೂಢಿ, ಬಿಡುತ್ತದೆಯೇ?

ಯರ್ರೆಪ್ಪನ ಕೈ ಕಂಕುಳಿನಿಂದ ಹೊರಗೆ ಬಂತು. ದೇವರಾಣೆಗೂ ಬಡಿಯಲೇ ಬಂದದ್ದು ಅದು. ಆದರೆ ಎದ್ದು ನಿಂತ ಅಕ್ಕನ ಮೊಣಕಾಲು ಸೀರೆಯೊಳಗೆ ಲಟಲಟ ಅಲುಗುವುದು ಅವನ ಕಣ್ಣಿಗೆ ಬಿತ್ತು. ಊರಿಗೆಲ್ಲ ಬಯ್ಯುವ ಸುಂಕಿಯ ಕಾಲು! ಅವನಿಗೆ ಬಡಿಯಲೂ ಆಗಲಿಲ್ಲ, ಸುಮ್ಮನೆ ಕೂರಲೂ ಆಗಲಿಲ್ಲ. ಎದ್ದ. ಎರಡೂ ಕೈಯನ್ನು ಲುಂಗಿಗೆ ಒರೆಸಿಕೊಂಡು ಶಾಮಿಯಾನದಿಂದ ಹೊರಗೆ ನಡೆದುಬಿಟ್ಟ. ಓಡಿಹೋದ ಅಂದರೂ ತಪ್ಪಿಲ್ಲ.

ಪಕ್ಕದಲ್ಲಿದ್ದ ಗಂಗಪ್ಪ ಕಣ್ಣರಳಿಸಿದ. ಯರ್ರೆಪ್ಪ ಕೈ ಒರೆಸಿಕೊಂಡು ಎದ್ದನೆಂದರೆ ಅದಕ್ಕೆ ಒಂದೇ ಅರ್ಥ.

"ಊಟಕ್ಕ ಎಬ್ಬಿಸ್ಯಾರಲೇ!"

ಅಷ್ಟೇ. ಗಂಗಪ್ಪ ಎದ್ದ, ಅವನ ಹಿಂದಿನವರು ಎದ್ದರು, ತಾಡಪಾಲಿಗೆ ತಾಡಪಾಲೇ ಎದ್ದು, ಕೇರಿಯ ಪಾಲಿನ ಊಟ ಬೇರೆ ಕಡೆ ಇಟ್ಟಿದ್ದಾರೆಂದುಕೊಂಡು ಯರ್ರೆಪ್ಪನ ಬೆನ್ನು ಹತ್ತಿತು. ಕೇರಿಯವರು ಮೊದಲು ಉಂಡುಬಿಟ್ಟಾರೆಂದು ಕುರ್ಚಿಯವರೂ ದಡಬಡ ಎದ್ದು ಪಲಾವಿನ ಗೋಡೆಯ ಕಡೆ ನುಗ್ಗಿದರು. ಕುರ್ಚಿಗಳು ಮಗುಚಿದವು. ಅಧಿಕಾರಿ ಮೈಕಿನಲ್ಲಿ, "ಕೂತ್ಕೊಳ್ರಿ, ಠರಾವು ಇನ್ನೂ ಓದಿಲ್ಲ" ಅಂತ ಅರಚಿದರು. ಯಾರಿಗೆ ಅರಚಿದರೋ! ಪಂಚಾಯ್ತಿಯ ಕಾರ್ಯದರ್ಶಿ ಖಾಲಿ ಶಾಮಿಯಾನ ನೋಡಿ, "ಮಂದಿನ ಇಲ್ಲಂದ್ರ ಸಭಿ ಅಂತ ಹೆಂಗ ಬರೀಲ್ರಿ ಸಾರ್" ಅಂತ ಪೆನ್ನು ಮುಚ್ಚಿದ.

ತಾಡಪಾಲಿನ ಮೇಲೆ ಸುಂಕಮ್ಮ ಒಬ್ಬಳೇ ನಿಂತಿದ್ದಳು. ಕಲಿತುಕೊಂಡು ಬಂದಿದ್ದ ಮಾತೆಲ್ಲ ಬಾಯಲ್ಲೇ ಉಳಿದಿತ್ತು.

"ಹಾಟ್ಯಾ, ಕೇಳಾಕ ಒಂದು ನಾಯಿನೂ ಉಳಿಸ್ಲಿಲ್ಲಲ್ಲೋ!" ಅಂತ ತಮ್ಮನನ್ನು ಬಯ್ಯುತ್ತಾ ಅವಳೂ ಹೊರಟಳು.

ಯರ್ರೆಪ್ಪನ ಕಾಲು ಕೇರಿಯ ಕಡೆ ಬಿದ್ದಿತ್ತು. ಕೇರಿ ದಾಟಿ ಸುಡುಗಾಡಿಗೆ ಬಂದ. ಅಡಗಿಕೊಳ್ಳಲು ಅವನಿಗೆ ಬೇರೆ ಜಾಗ ಹೊಳೆಯಲಿಲ್ಲ. ತಿರುಗಿ ನೋಡಿದ. ಇಡೀ ಕೇರಿ ಹಿಂದೆ ಬರುತ್ತಿದೆ! ಮುಂದೆ ನೋಡಿದರೆ ಡಾಂಬರು ರಸ್ತೆಯ ಅಂಚಿನಲ್ಲಿ ಜೆಸಿಬಿ ನಿಂತಿದೆ. ಅತ್ತ ಠರಾವನ್ನು ಓದುವ ಮೊದಲೇ ಇತ್ತ ಅಗೆಯುವ ಯಂತ್ರ ಬಂದಿತ್ತು. ಡ್ರೈವರ್ ಹುಲುಗೇಶ್ ಮೊಬೈಲು ನೋಡುತ್ತಾ ಕೂತಿದ್ದ.

"ಎಲ್ಲೈತಲೇ ಪಲಾವು?" ಅಂತ ಗಂಗಪ್ಪ ಏದುಸಿರು ಬಿಟ್ಟ.

"ಇಲ್ಲಿ... ಪಲಾವು ಇಲ್ಲ."

"ನಿಮ್ಮೌನ! ಮತ್ತ್ಯಾಕಲೇ ಎದ್ದು ಬಂದಿ?"

 ಜನ ಬೈದರು. ಕೆಲವರು ವಾಪಸು ತಿರುಗಿಯೂ ಬಿಟ್ಟಿದ್ದರು. ಅಷ್ಟರಲ್ಲಿ ಸುಂಕಮ್ಮ ಬಂದಳು. ಜೆಸಿಬಿ ನೋಡಿದಳು. ತಮ್ಮನಿಗೆ ಒಂದು ಮಾತೂ ಅನ್ನದೆ ಹೋಗಿ, ಹುಲಿಗೆಮ್ಮನ ಮಣ್ಣಿನ ಪಕ್ಕದಲ್ಲಿ ಕಾಲು ಚಾಚಿ ಕೂತಳು. ರೇಖಾ ಅವಳ ಮಗ್ಗುಲಿಗೆ ಕೂತಳು, ರೇಖಾಳ ಮಾವನನ್ನೂ ಅಲ್ಲೇ ಹೂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮವರನ್ನು ಹುಡುಕಿಕೊಂಡು ಕೂತರು. ಗಂಗಪ್ಪನೂ ಗೊಣಗುತ್ತಲೇ ಅವರಪ್ಪನ ತಲೆಯ ಕಡೆ ಕೂತ.

ಧಣಿಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬುದ್ಧಿ ಕೆಟ್ಟಿರಲಿಲ್ಲ. ಊರಿನವರಿಗೆ ಬಡಿಸುವ ಮೊದಲೇ ತಡೆದು, ಡಬರಿಯನ್ನು ಲಗೇಜ್ ಆಟೋದಲ್ಲಿ ಹೇರಿ ಕಾಂತೇಶನ ಕೈಲಿ ಕಳಿಸಿದರು. ಕಾಂತೇಶ್ ರಸ್ತೆಯಲ್ಲಿ ಆಟೋ ನಿಲ್ಲಿಸಿ ಮುಚ್ಚಳ ತೆಗೆದ. ಹಬೆ ಎದ್ದಿತು.

"ನೋಡ್ರಿ, ಬಿಸಿ ಬಿಸಿ ಐತಿ! ಸಭಿಗೆ ಬಂದು ಠರಾವು ಮುಗಿಸಿದ್ರ ಹೊಟ್ಟಿ ತುಂಬ ಊಟ. ಯಾರು ಬರ್ತೀರಿ ಏಳ್ರಿ!"

 ಒಬ್ಬರ ಮುಖ ಒಬ್ಬರು ನೋಡಿದರು. ಯರ್ರೆಪ್ಪನ ಹೊಟ್ಟೆಯೂ ಗುರ್ರೆಂದಿತು. ಈಗ ಒಬ್ಬ ಎದ್ದರೆ ಸಾಕು, ಎಲ್ಲರೂ ಎದ್ದಾರು. ಅದು ಅವನಷ್ಟು ಯಾರಿಗೆ ಗೊತ್ತು? ಜೀವನದಲ್ಲಿ ಮೊದಲ ಸಲ ಅವನಿಗೆ ಜನರ ಕೈ ಅಲ್ಲ, ಕಾಲು ನೋಡಿ ಹೆದರಿಕೆಯಾಯಿತು.

ಎದ್ದವಳು ಸುಂಕಮ್ಮ.

ಯರ್ರೆಪ್ಪ ಕಣ್ಣು ಮುಚ್ಚಿಕೊಂಡ. ಆಯಿತು, ಎಲ್ಲ ಮುಗಿಯಿತು. ಸುಂಕಮ್ಮ ಸೀದಾ ಆಟೋಕ್ಕೆ ಹೋಗಿ ಡಬರಿಯ ಒಂದು ಕಿವಿ ಹಿಡಿದಳು.

"ಏಯ್ ಏಯ್! ಮುಟ್ಟಬ್ಯಾಡ! ಊರಿನೋರು ಇನ್ನೂ ಉಂಡಿಲ್ಲ!" ಕಾಂತೇಶ್ ಬೆಂಕಿ ತಾಗಿದವನಂತೆ ಹಿಂದೆ ಸರಿದ.

"ಮುಟ್ಟಿದ್ನಲ್ಲಪ್ಪ," ಅಂದಳು ಸುಂಕಮ್ಮ. ಎರಡೂ ಕೈಯಿಂದ ಡಬರಿಯ ಸುತ್ತ ಸವರಿದಳು. "ಒಯ್ಯಿ ಈಗ. ನಿಮ್ಮ ಧಣಿಗೆ ಬಡಸು. ಕಟ್ಟಿ ಮ್ಯಾಲ ನಗತಿದ್ರಂತಲ್ಲ, ಅವರಿಗೂ ಬಡಸು. ಹೇಳ್ತೀ ಏನು, ಸುಂಕಿ ಮುಟ್ಟಿದ್ಲು ಅಂತ?"

ಕಾಂತೇಶ್ ಕೈಯಲ್ಲಿದ್ದ ಮುಚ್ಚಳವನ್ನು ರಸ್ತೆಗೆ ಬಿಟ್ಟ.

"ಯರ್ರಾ, ಹಿಡಿಲೇ ಆ ಕಡಿ. ನಿಂತು ಏನು ಹಲ್ಲು ಕಿಸಿತೀ?"

ಅಕ್ಕ ತಮ್ಮ ಡಬರಿ ಎತ್ತಿಕೊಂಡು ಸುಡುಗಾಡಿನ ನಡುಮಧ್ಯೆ ತಂದಿಟ್ಟರು. ಅದೇ ಆಟೋದಲ್ಲಿದ್ದ ಪೇಪರ್ ತಟ್ಟೆಗಳನ್ನು ರೇಖಾ ಹಂಚಿದಳು. ಸತ್ತವರ ಹೆಸರಿಗೆ ಒಂದೊಂದು ತುತ್ತು ಮಣ್ಣಿಗಿಟ್ಟು ಎಲ್ಲರೂ ಉಂಡರು. ಹುಲುಗೇಶನಿಗೂ ಒಂದು ತಟ್ಟೆ ಹೋಯಿತು. ಉಪ್ಪು ಕಡಿಮೆ ಅಂತ ಬೈದುಕೊಂಡೇ ಮತ್ತೆ ಮತ್ತೆ ಹಾಕಿಸಿಕೊಂಡರು. ಬಿಸಿಲು ಏರಿತ್ತು, ಬೇವಿನ ನೆರಳಿತ್ತು, ಹೊಟ್ಟೆ ತುಂಬಿತ್ತು. ಜನ ಇದ್ದಲ್ಲೇ ಅಡ್ಡಾದರು. ಸತ್ತವರ ಮಗ್ಗುಲಲ್ಲಿ ಬದುಕಿದವರು ಸಾಲಾಗಿ ಮಲಗಿದರು.

ಧಣಿಯ ಕಾರು ಬಂದಾಗ ಅರ್ಧ ಜನಕ್ಕೆ ನಿದ್ದೆ ಹತ್ತಿತ್ತು.

"ಏಳ್ರಲೇ ಭಾಡಕೋಗುಳಾ! ನನ್ನ ಅನ್ನ ಉಂಡು ನನ್ನನ್ನ ಆಟ ಆಡಸ್ತೀರಾ? ಹುಲುಗ್ಯಾ, ಶುರು ಮಾಡಲೇ ಗಾಡಿ!"

"ಎಂಜಲ ಕೈರಿ ಧಣಿ. ತೊಳಕಂಡು ಬರ್ತೀನಿ," ಅಂದ ಹುಲುಗೇಶ್.

ಧಣಿ ಅವನ ಕಪಾಳಕ್ಕೆ ಬಾರಿಸಿ ಸೀಟಿಗೆ ದಬ್ಬಿದರು. ಎಂಜಿನ್ ಗುಡುಗಿತು. ಬೆನ್ನಡಿಯ ನೆಲ ಅದುರಿದ್ದು ಯರ್ರೆಪ್ಪನಿಗೆ ತಿಳಿಯಿತು. ಉಚ್ಚೆ ಬರುವಷ್ಟು ಹೆದರಿಕೆ. ಒಂದು ಕೈಯಿಂದ ಹುಲಿಗೆಮ್ಮನ ಮಣ್ಣು ಹಿಡಿದುಕೊಂಡು ಪಕ್ಕಕ್ಕೆ ನೋಡಿದ. ಗಂಗಪ್ಪ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ.

"ಏಳ್ತಿಯೇನ್ಲೇ?" ಪಿಸುಗುಟ್ಟಿದ ಗಂಗಪ್ಪ.

"ನೀನು?"

"ನಿನ್ನ ನೋಡಕತ್ತೀನಿ."

"ನಾ ಏಳಂಗಿಲ್ಲ."

ಗಂಗಪ್ಪ ಆ ಮಾತನ್ನು ಆಚೆ ಮಗ್ಗುಲಿನವನಿಗೆ ಹೇಳಿದ. ಅವನು ಅವನಾಚೆಗೆ ಹೇಳಿದ. ಜೆಸಿಬಿಯ ಬಾಯಿ ಮೇಲೆದ್ದು ಬಿಸಿಲಲ್ಲಿ ನಿಂತಿತು. ಕೆಳಗೆ ಒಬ್ಬರೂ ಏಳಲಿಲ್ಲ.