ದೋಷಕ್ಕೆ ಒಂದೇ ಗೆರೆ

ನಮೂನೆಯಲ್ಲಿ ಗುಣಗಳಿಗೆ ಹತ್ತು ಗೆರೆ ಬಿಟ್ಟಿದ್ದರು, ದೋಷಗಳಿಗೆ ಒಂದು. ಆ ಹಾಳೆಯನ್ನೂ ಒಂದು ಪುಟ್ಟ ಲ್ಯಾಪ್‌ಟಾಪನ್ನೂ ನನ್ನ ಮೇಜಿನ ಮೇಲಿಟ್ಟು ನಮ್ಮ ಮೇಲಧಿಕಾರಿಗಳು, "ಒಂದು ತಿಂಗಳು ಬಳಸಿ ನೋಡಿ, ಆಮೇಲೆ ತುಂಬಿಸಿ ಕೊಡಿ. ಆಯಿತಾ? ಆಯಿತು," ಎಂದರು. ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳಿಕೊಳ್ಳುವುದು ಅವರ ರೂಢಿ. ಬೆನ್ನ ಹಿಂದೆ ಇಡೀ ಕಚೇರಿ ಅವರನ್ನು 'ಆಯಿತು ಸಾಹೇಬರು' ಎನ್ನುತ್ತದೆ.

ಕೆಲಸದ ಜಾಗದಲ್ಲಿ ಪೆಟ್ಟು ತಿಂದವರ ಹೇಳಿಕೆ ಬರೆದುಕೊಳ್ಳುವ ಕಚೇರಿ ನಮ್ಮದು. ಬೆರಳು ಕಳೆದುಕೊಂಡವರು, ಏಣಿಯಿಂದ ಬಿದ್ದವರು ಹೇಳುತ್ತಾರೆ. ನಾವು ಹನ್ನೆರಡು ಜನ ಅವರಿದ್ದಲ್ಲಿಗೆ ಹೋಗಿ ಬರೆದುಕೊಳ್ಳುತ್ತೇವೆ. ನಾನು ಬರೆಯುವುದು ಕಣ್ಣು ಮುಚ್ಚಿಕೊಂಡು. ಇದು ಅಮ್ಮ ಕಲಿಸಿದ ಪಾಠ. ಅಕ್ಷರ ಬಾರದ ಅಮ್ಮನ ಬಾಯಲ್ಲಿ ಲೆಕ್ಕವಿಲ್ಲದಷ್ಟು ಪದ್ಯಗಳಿವೆ. ಚಿಕ್ಕಂದಿನಲ್ಲಿ ಬೆಳಗಾಗೆದ್ದು ಅವಳು ದೇವರ ಮುಂದೆ ಹೇಳುವಾಗ ನಾನು ಕಣ್ಣು ಮುಚ್ಚಿ ಕೇಳಬೇಕಿತ್ತು, ಮುಗಿದ ಮೇಲೆ ತಿರುಗಿ ಒಪ್ಪಿಸಬೇಕಿತ್ತು. ಒಂದು ಸಾಲು ಹಾರಿದರೂ ಸಾಕು, ಲೊಚ್ ಎಂದು ನಾಲಗೆ ಕುಟ್ಟುತ್ತಿದ್ದಳು.

ನಮ್ಮ ಕೆಲಸದಲ್ಲೂ ಅಂಥದೇ ಒಂದು ಪದ್ಧತಿಯಿದೆ. ಬರೆದಾದ ಮೇಲೆ ಹೇಳಿದವರ ಎದುರಿಗೇ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, "ಏನಾದರೂ ಬಿಟ್ಟಿದ್ದೀನಾ?" ಎಂದು ಕೇಳುವುದು. ಅವರು ಇಲ್ಲ ಎನ್ನುವವರೆಗೆ ನಾವು ಎದ್ದು ಹೋಗುವಂತಿಲ್ಲ. ಯಾವ ಕಾಯಿದೆಯಲ್ಲೂ ಬರೆದದ್ದಲ್ಲ. ನಮಗಿಂತ ಹಿಂದಿನವರು ನಡೆಸಿಕೊಂಡು ಬಂದದ್ದು. ಹೊಸ ಯಂತ್ರದ ಜೊತೆ ಹೊಸ ನಿಯಮ ಬಂದಿತ್ತು: ಕೊನೆಯ ಮಾತು ಬರೆದು 'ಮುಗಿಯಿತು' ಒತ್ತಿದರೆ ಹೇಳಿಕೆ ಆ ಕ್ಷಣವೇ ಮುಖ್ಯ ಕಚೇರಿಗೆ ಹೋಗುತ್ತದೆ. ಓದಿ ಹೇಳುವ ಹೊತ್ತು ಉಳಿತಾಯ.

ಯಂತ್ರದ ಮೇಲೆ ನನಗೆ ಹಗೆಯಿರಲಿಲ್ಲ. ಹಳೆಯ ಯಂತ್ರವನ್ನು ಹೊತ್ತು ಹೊತ್ತು ನನ್ನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಇಳಿದಿದೆ. ಇದೋ, ರಟ್ಟು ಹಾಕಿದ ನೋಟ್‌ಬುಕ್ಕಿನಷ್ಟು. ಮೊದಲ ದಿನ ಬಸ್ಸಿನಲ್ಲಿ ಎರಡು ಸಲ ಚೀಲ ಮುಟ್ಟಿ ನೋಡಿಕೊಂಡೆ, ಇದೆಯೋ ಬಿದ್ದುಹೋಯಿತೋ ಎಂದು. ಮುಚ್ಚಳ ತೆರೆಯುವಷ್ಟರಲ್ಲಿ ಎಚ್ಚರವಾಗುತ್ತದೆ. ಬೆಳಗ್ಗೆ ಚಾರ್ಜ್ ಮಾಡಿದರೆ ಸಂಜೆ ಮನೆಗೆ ಬರುವವರೆಗೂ ಕೈಬಿಡುವುದಿಲ್ಲ. ಒಳಗೆ ಫ್ಯಾನಿಲ್ಲ, ಕೀಲಿಗಳು ಸದ್ದು ಮಾಡುವುದಿಲ್ಲ. ಹಳೆಯದರ ಟಕಟಕಕ್ಕೆ ಬೆದರಿ ಮಾತು ನುಂಗುತ್ತಿದ್ದವರು ಇದರ ಮುಂದೆ ನಿರಾಳವಾಗಿ ಮಾತಾಡಿದರು. ಪರದೆ ಚಿಕ್ಕದಾದ್ದರಿಂದ ನನಗೂ ಅವರಿಗೂ ನಡುವೆ ಗೋಡೆಯಿಲ್ಲ. ಒಂಬತ್ತು ಗೆರೆ ಮನಸಾರೆ ತುಂಬಿದೆ.

ಸಣ್ಣಪುಟ್ಟ ಕೊರತೆಗಳಿದ್ದವು. ಇಡೀ ಯಂತ್ರಕ್ಕೆ ಒಂದೇ ತೂತು. ಚಾರ್ಜಿಗೂ ಅದೇ, ಪ್ರಿಂಟರಿಗೂ ಅದೇ. ಹಾಗಾಗಿ ಕವಲೊಡೆದ ವೈರುಗಳ ಒಂದು ಗಂಟನ್ನು ಬೇರೆ ಹೊರಬೇಕು. ಟಪಾಲು ವಿಭಾಗದ ಅಕ್ಕ ಆ ಗಂಟನ್ನು ಕೈಯಲ್ಲಿ ತೂಗಿ, "ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ ನೋಡು," ಎಂದು ನಕ್ಕಳು. ಅದನ್ನು ನಾನು ದೋಷವೆಂದು ಬರೆಯುತ್ತಿರಲಿಲ್ಲ.

ಮೂರನೇ ವಾರ ಆಸ್ಪತ್ರೆಗೆ ಹೋದೆ. ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಹಬೆಯಿಂದ ಎರಡೂ ಕೈ ಸುಟ್ಟುಕೊಂಡ ಹೆಂಗಸು. ಮೊಣಕೈವರೆಗೆ ಬಿಳಿ ಪಟ್ಟಿ ಸುತ್ತಿ, ದಿಂಬುಗಳ ಮೇಲೆ ಕೈಗಳನ್ನು ಬೇರೆ ಯಾರದೋ ವಸ್ತುಗಳಂತೆ ಇಟ್ಟಿದ್ದರು. ವಾರ್ಡಿನಲ್ಲಿ ಮೇಜಿಲ್ಲ. ಸ್ಟೂಲಿನ ಮೇಲೆ ಕುಳಿತು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡೆ. ಅವಳು ಒಂದು ಗಂಟೆ ನಲವತ್ತು ನಿಮಿಷ ಬಿಡದೆ ಹೇಳಿದಳು. ತೊಡೆ ಬಿಸಿಯಾಗುತ್ತಿರುವುದು ಗೊತ್ತಾಗುತ್ತಿತ್ತು. ನಾನು ಕಣ್ಣು ತೆರೆಯಲಿಲ್ಲ. ಕೊನೆಗೆ ಹೊಸ ನಿಯಮದಂತೆ 'ಮುಗಿಯಿತು' ಒತ್ತಿದೆ. ಹೇಳಿಕೆ ಹೋಯಿತು.

ಹೋದರೂ ಹಳೆಯ ರೂಢಿ ಬಿಡಬೇಕಲ್ಲ. "ಓದ್ತೀನಮ್ಮಾ, ಕೇಳು," ಎಂದೆ. ಓದುತ್ತಾ ಓದುತ್ತಾ ಒಂದೆಡೆ ಮಾತಿನ ನಡಿಗೆ ಮುಗ್ಗರಿಸಿತು. 'ಹಬೆ ಸೋರುತ್ತಿತ್ತು. ನಾನೇ ಮುಚ್ಚಳ ಎತ್ತಿದೆ.' ನಡುವೆ ಏನೋ ಇತ್ತು. ನನ್ನ ಕಿವಿಯಲ್ಲಿ ಅದಿನ್ನೂ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ದಿಂಬಿನಿಂದ ತಲೆ ಎತ್ತಿದಳು.

"ಸೋರ್ತಿದೆ ಅಂತ ಮೇಸ್ತ್ರಿಗೆ ಮೂರು ಸಲ ಹೇಳ್ದೆ ಅಂದ್ನಲ್ಲಕ್ಕಾ. ಮೂರನೇ ಸಲ ಅವ್ನು ನಕ್ಕು, ಹೆದರಿಕೆ ಆದ್ರೆ ಮನೆಗೋಗು ಅಂದ. ಅದೆಲ್ಲೋಯ್ತು?"

"ಬರೆದಿದ್ದೆ. ಇಲ್ಲಿಲ್ಲ."

"ನನ್ ಕೈ ಸುಟ್ಟಿದ್ದು ಸಾಲ್ದು ಅಂತ ಮಾತನ್ನೂ ಸುಟ್ಟು ತಿಂತಾ ನಿಮ್ ಪೆಟ್ಗೆ?"

ಆ ಎರಡು ಸಾಲಿಲ್ಲದಿದ್ದರೆ ತಪ್ಪೆಲ್ಲ ಅವಳದೇ. ಅಲ್ಲೇ ಸೇರಿಸಿ, ಮತ್ತೆ ಓದಿ, ಏನೂ ಬಿಟ್ಟಿಲ್ಲ ಎಂದು ಅವಳು ಹೇಳಿದ ಮೇಲೆ ಎರಡನೇ ಪ್ರತಿ ಕಳಿಸಿದೆ.

ಒಂದು ಸಲಕ್ಕೆ ಯಂತ್ರವನ್ನು ದೂರುವುದು ನ್ಯಾಯವಲ್ಲ; ಬೆರಳು ನನ್ನದೂ ತಪ್ಪಬಹುದು. ಭಾನುವಾರ ಅಮ್ಮನನ್ನು ಬಟಾಣಿ ಸುಲಿಯಲು ಕೂರಿಸಿ ಪದ್ಯ ಹೇಳಿಸಿದೆ, ಯಂತ್ರ ಮಡಿಲಲ್ಲಿಟ್ಟುಕೊಂಡು ಬರೆದೆ. ಒಂದೂವರೆ ಗಂಟೆಯ ಮೇಲೆ ಓದಿ ಒಪ್ಪಿಸಿದೆ. ಅಮ್ಮ ಲೊಚ್ ಎಂದಳು.

"ನಾಲ್ಕು ಸಾಲು ನುಂಗಿದೆಯಲ್ಲೇ! ಕೂದಲು ನೆರೆತ ಮೇಲೆ ಮರೆವು ಶುರುವಾಯ್ತಾ?"

"ನಾನಲ್ಲಮ್ಮ, ಇದು."

ಅಮ್ಮ ಅದನ್ನು ಎತ್ತಿ ಹಿಂದೆಮುಂದೆ ನೋಡಿ, ತಳ ಮುಟ್ಟಿ ಕೈ ಹಿಂದೆಳೆದುಕೊಂಡಳು. "ಇರೋದೇ ಇಷ್ಟುದ್ದ. ಇಷ್ಟು ಹಸಿವಾ ಇದಕ್ಕೆ?"

ಮೇಜಿನ ಮೇಲಿಟ್ಟು ಅದೇ ಪದ್ಯ ಮತ್ತೆ ಬರೆದೆ. ಒಂದಕ್ಷರವೂ ಹೋಗಲಿಲ್ಲ. ಮಾರನೆಯ ಸಂಜೆ ಪುನಃ ಮಡಿಲಲ್ಲಿ. ಒಂದು ಗಂಟೆ ದಾಟುತ್ತಲೇ ಮೂರು ಸಾಲು ಮಾಯ. ಆಗ ತಿಳಿಯಿತು. ಬಟ್ಟೆಯ ಮೇಲೆ ಕೂತರೆ ಇದಕ್ಕೆ ಉಸಿರು ಕಟ್ಟುತ್ತದೆ, ಕಾಯುತ್ತದೆ, ಕಾದಾಗ ನಿಧಾನವಾಗುತ್ತದೆ, ಆ ಹೊತ್ತಿನಲ್ಲಿ ಒತ್ತಿದ ಕೀಲಿಗಳನ್ನು ಕೈಬಿಡುತ್ತದೆ. ಮೇಜಿರುವಲ್ಲಿ ಇದು ಬಂಗಾರ. ನಮ್ಮ ಜನ ಮೇಜಿರುವಲ್ಲಿ ಮಲಗಿರುವುದಿಲ್ಲ.

ದೋಷದ ಒಂದು ಗೆರೆ ತುಂಬಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ತುಂಬಿದೆ.

ಆಯಿತು ಸಾಹೇಬರು ಮುಂಬದಿ ಓದುವಾಗ ತಲೆದೂಗಿದರು. ಹಿಂಬದಿಗೆ ಬಂದಾಗ ಕನ್ನಡಕ ತೆಗೆದಿಟ್ಟರು.

"ಏನ್ರೀ ಇದು, ಪುರಾಣ! ಪರದೆ ಸ್ವಲ್ಪ ಚಿಕ್ಕದು ಅಂತ ಬರೀರಿ ಸಾಕು. ಬೇರೆ ಕಚೇರಿಯವರೆಲ್ಲ ಹಾಗೇ ಬರೆದಿದ್ದಾರೆ."

"ಅವರು ಓದಿ ಹೇಳಿಲ್ಲ ಸಾರ್. ಸಾಲು ಹೋಗಿದ್ದು ಅವರಿಗೆ ಹೇಗೆ ಗೊತ್ತಾಗುತ್ತೆ?"

"ಓದಿ ಹೇಳೋದು ನಿಮ್ಮ ಚಟ. ನಿಯಮ ಅಲ್ಲ."

"ಹಾಗಾದರೆ ಆ ಹೆಂಗಸಿನ ಎರಡನೇ ಪ್ರತಿ?"

ಅವರು ಕಿಟಕಿಯ ಕಡೆ ನೋಡಿದರು. "ಮೊದಲು ಬಂದದ್ದೇ ಮೂಲ. ಯಂತ್ರದಲ್ಲಿ ದೋಷ ಇಲ್ಲ ಅಂದಮೇಲೆ, ಎರಡನೇದನ್ನ ಆಮೇಲೆ ಸೇರಿಸಿದ್ದು ಅಂತಲೇ ತಿಳ್ಕೋತಾರೆ. ನಾವೇನು ಮಾಡೋಕಾಗುತ್ತೆ?"

ಅಲ್ಲಿಗೆ ನನ್ನೊಳಗಿನ ಹಿಂಜರಿಕೆಯೆಲ್ಲ ಕಳಚಿತು. ನನ್ನ ಹಾಳೆಯ ಹಿಂಬದಿ ಇದ್ದರೆ ಅವಳ ಎರಡು ಸಾಲಿರುತ್ತವೆ. ಅದು ಹೋದರೆ ಅವೂ ಹೋಗುತ್ತವೆ.

"ತಿದ್ದಲ್ಲ ಸಾರ್."

"ಇನ್ನೆರಡು ವರ್ಷ ಸರ್ವೀಸ್ ಇದೆ ನಿಮಗೆ. ಬಂಡೆಗೆ ಯಾಕೆ ತಲೆ ಚಚ್ಕೋತೀರಿ? ಸುಮ್ನೆ ದಾಖಲೆ ಕೋಣೆಗೆ ಹಾಕಿಸ್ಕೋಬೇಡಿ."

"ಹಾಕಿ ಸಾರ್. ಅಲ್ಲಿ ಮೇಜಿದೆ. ಯಂತ್ರವನ್ನೂ ಜೊತೆಗೇ ಕಳಿಸಿ, ಅಲ್ಲಿ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ."

ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಕೋಣೆಯಲ್ಲಿ ಆಡಿದ ಅತಿ ಉದ್ದದ ಮಾತು ಅದು. ಹಾಳೆ ಎತ್ತಿಕೊಂಡು ನೇರ ಟಪಾಲು ವಿಭಾಗಕ್ಕೆ ನಡೆದೆ. ಮೊಹರು ಬಿದ್ದು ಸಂಖ್ಯೆ ಏರಿದ ಕಾಗದವನ್ನು ಯಾರೂ ಹರಿದು ಹಾಕುವಂತಿಲ್ಲ, ಮುಖ್ಯ ಕಚೇರಿಗೆ ಕಳಿಸಲೇಬೇಕು.

ಅಕ್ಕ ಎರಡೂ ಬದಿ ಓದಿದಳು. "ಸಾಹೇಬ್ರು ನೋಡಿದ್ರಾ?"

"ನೋಡಿದರು."

"ಏನಂದ್ರು?"

"ಆಯಿತು ಅನ್ನಲಿಲ್ಲ."

"ಅಯ್ಯೋ ಶಿವನೇ," ಎಂದು ಅಕ್ಕ ಮೊಹರನ್ನು ಶಾಯಿಗೆ ಒತ್ತಿದಳು. "ಹಿಂದೆ ಒಂದು, ಮುಂದೆ ಒಂದು ಹೊಡೀತೀನಿ. ನಾಳೆ ಹಿಂಬದಿ ಇರಲೇ ಇಲ್ಲ ಅಂದಾರು." ದಢ್. ದಢ್. ಇಡೀ ಹಾಲಿನಲ್ಲಿ ತಲೆಗಳೆದ್ದವು.

ನಾನು ವಾಪಸ್ಸು ಸಾಹೇಬರ ಕೋಣೆಗೆ ಹೋದೆ. ಬಾಗಿಲನ್ನು ತೆರೆದೇ ಬಿಟ್ಟೆ.

"ಪದ್ಧತಿ ಸಾರ್. ಬರೆದದ್ದನ್ನ ಓದಿ ಹೇಳಬೇಕು."

ಅವರು ಬೇಡವೆನ್ನುವಷ್ಟರಲ್ಲಿ ಕಣ್ಣು ಮುಚ್ಚಿದೆ. ಹಾಳೆ ಬೇಕಿರಲಿಲ್ಲ. ತೂಕದಿಂದ ತೊಡಗಿದೆ. ಸದ್ದಿಲ್ಲದ ಕೀಲಿ, ಸಂಜೆವರೆಗಿನ ಬ್ಯಾಟರಿ, ಗೋಡೆಯಾಗದ ಪರದೆ, ಒಂದನ್ನೂ ಕಡಿಮೆ ಮಾಡಲಿಲ್ಲ. ಮಡಿಲು, ಬಿಸಿ, ವಾರ್ಡಿನ ಎರಡು ಸಾಲು, ಅಮ್ಮನ ಏಳು ಸಾಲು. ಓದಿ ಹೇಳುವ ಮೊದಲೇ 'ಮುಗಿಯಿತು' ಒತ್ತಿದ್ದು ನನ್ನ ತಪ್ಪು, ಇನ್ನು ಮುಂದೆ ಯಾರ ಹೇಳಿಕೆಯನ್ನೂ ಹಾಗೆ ಕಳಿಸುವುದಿಲ್ಲ ಎಂಬ ಕೊನೆಯ ಸಾಲೂ ಬಂತು. ಹೊರಗೆ ಹಾಲಿನಲ್ಲಿ ಟಕಟಕ ಒಂದೊಂದಾಗಿ ನಿಂತದ್ದು ಕೇಳಿಸಿತು.

ಕಣ್ಣು ತೆರೆದೆ. "ಏನಾದರೂ ಬಿಟ್ಟಿದ್ದೀನಾ ಸಾರ್?"

ಸಾಹೇಬರು ತೆಗೆದಿಟ್ಟಿದ್ದ ಕನ್ನಡಕವನ್ನು ಮತ್ತೆ ಏರಿಸಿದರು. 'ಆಯಿತು' ಎನ್ನಲಿಲ್ಲ, 'ಇಲ್ಲ' ಎನ್ನಲೂ ಇಲ್ಲ.

ಇಲ್ಲ ಎನ್ನುವವರೆಗೆ ಎದ್ದು ಹೋಗುವಂತಿಲ್ಲ. ನಾನು ಅವರೆದುರಿನ ಕುರ್ಚಿ ಎಳೆದುಕೊಂಡು ಕುಳಿತೆ.