ಶೆಲ್ಫಿಗೆ ಹಾಸಿದ ಕಾಗದ

ಆ ಭಾನುವಾರ ಬೆಳಿಗ್ಗೆ ಸಕ್ಕರೆ ಡಬ್ಬಿಗೆ ಇರುವೆ ಮುತ್ತದೇ ಇದ್ದಿದ್ದರೆ ವಾಲ್ವ್ ಮಾವ ಸಾಯುವವರೆಗೂ ತನ್ನನ್ನು ಸಾಚಾ ಮನುಷ್ಯ ಅಂದುಕೊಂಡೇ ಇರುತ್ತಿದ್ದ. ಇಪ್ಪತ್ತಾರು ವರ್ಷದಿಂದ ಊರಾಚೆಯ ಏಳನೇ ಗ್ಯಾಸ್ ಬಾವಿಯ ಚಕ್ರ ತಿರುಗಿಸುತ್ತಿದ್ದವನು ಅವನು. ಕಂಪನಿಯಲ್ಲಿ ಇಂಜಿನಿಯರಿನಿಂದ ಹಿಡಿದು ಕಾವಲುಗಾರನವರೆಗೂ ಅವನು ಎಲ್ಲರಿಗೂ ಮಾವನೇ.

ಹೆಂಡತಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಶೆಲ್ಫಿಗೆ ಹಾಸಿದ್ದ ದುಂಡನೆಯ ಕಾಗದ ಎತ್ತಿ ಕೊಡವಿದಳು. ಬಾವಿಯಿಂದ ಎಷ್ಟು ಗ್ಯಾಸ್ ಹರಿಯುತ್ತದೆ ಅಂತ ಇಂಥ ಕಾಗದದ ಮೇಲೆ ಒಂದು ಪೆನ್ನು ವಾರವಿಡೀ ಗೀಟು ಎಳೆಯುತ್ತದೆ. ವಾರ ಮುಗಿದ ಮೇಲೆ ಅದನ್ನು ಬದಲಿಸಿ, ತಾರೀಖು ಬರೆದು ಸಹಿ ಹಾಕುವುದು ಮಾವನ ಕೆಲಸ. ಕಳೆದ ವರ್ಷ ಇದೊಂದನ್ನು ಮಾತ್ರ ಇಂಜಿನಿಯರ್ "ಸುಟ್ಟುಬಿಡಿ" ಅಂದಿದ್ದ. ಇಷ್ಟು ದಪ್ಪನೆಯ ಕಾಗದ, ಸುಡೋದ್ಯಾಕೆ ಅಂತ ಮಾವ ಮನೆಗೆ ತಂದಿದ್ದ.

"ಇದೇನ್ರೀ, ಈ ಗೀಟು ಇಲ್ಲಿ ಹಳ್ಳಕ್ಕೆ ಬಿದ್ದು ಎದ್ದಂಗಿದೆ?" ಅಂದಳು ಹೆಂಡತಿ.

ಮಾವ ಕನ್ನಡಕ ಹಾಕಿಕೊಂಡು ನೋಡಿದ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಗೀಟು ಧೊಪ್ಪನೆ ಕುಸಿದಿತ್ತು. ಮಧ್ಯಾಹ್ನ ಎರಡಕ್ಕೆ ಮತ್ತೆ ಮೇಲೆ. ಕೆಳಗೆ ಅವನದೇ ಸಹಿ. ಅದು ಸರ್ಕಾರದ ತಪಾಸಣೆಯ ದಿನ. "ಅಧಿಕಾರಿಗಳು ಹತ್ತಿರ ಬಂದು ನಿಲ್ತಾರೆ ಮಾವ, ಸೇಫ್ಟಿಗೆ ಹನ್ನೊಂದು ಸುತ್ತು ಬಿಗಿ ಮಾಡಿ" ಅಂದಿದ್ದ ಇಂಜಿನಿಯರ್. ಮಾವ ಮಾಡಿದ್ದ. ಸೇಫ್ಟಿ ಅಂದಮೇಲೆ ಎದುರು ಮಾತೆಲ್ಲಿ?

ಈಗ ಅವನಿಗೆ ಆ ಸೇಫ್ಟಿಯ ಗುಟ್ಟು ಹೊಳೆಯಿತು. ಚೆನ್ನಾಗಿ ಹರಿಯುವ ಬಾವಿಯ ಲಾಭಕ್ಕೆ ತೆರಿಗೆ ಇತ್ತು, ಆ ತೆರಿಗೆಯಲ್ಲಿ ಒಂದು ಪಾಲು ಊರ ಸರ್ಕಾರಿ ಆಸ್ಪತ್ರೆಗೆ ಬರುತ್ತಿತ್ತು. ತಪಾಸಣೆಯ ದಿನ ಹರಿವು ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಅದು 'ಬಡ ಬಾವಿ', ತೆರಿಗೆ ಮಾಫಿ. ಬಡ ಬಾವಿಯಂತೆ! ಕೊಬ್ಬಿದ ಬಾವಿಗೆ ಹರಕಲು ಅಂಗಿ ತೊಡಿಸಿ ಭಿಕ್ಷೆಗೆ ನಿಲ್ಲಿಸಿದ್ದರು ಲಫಂಗರು. ತೊಡಿಸಿದ ಕೈ ಮಾತ್ರ ಮಾವನದು.

ತಪಾಸಣೆಯಾಗಿ ಎರಡೇ ತಿಂಗಳಿಗೆ ಆಸ್ಪತ್ರೆಯಲ್ಲಿ ದುಡ್ಡಿಲ್ಲ ಅಂತ ಡಯಾಲಿಸಿಸ್ ವಾರ್ಡಿಗೆ ಬೀಗ ಬಿದ್ದಿತ್ತು. ಅವತ್ತಿನಿಂದ ಹೆಂಡತಿಯೂ ಇನ್ನೂ ಹದಿನೇಳು ಜನರೂ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು ದೊಡ್ಡ ಊರಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು, ಮತ್ತೆ ನಾಲ್ಕು ಗಂಟೆ ಕೂತು ಬರುತ್ತಿದ್ದರು. ಮೊದಲು ಹತ್ತೊಂಬತ್ತು ಜನ ಇದ್ದರು. ಟೈಲರ್ ಅಜ್ಜ ಬಸ್ಸಿನಲ್ಲೇ ಹೋಗಿಬಿಟ್ಟ. ಬೀಗ ಹಾಕಿದ ವಾರ್ಡಿನ ಮುಂದೆ ಕಂಪನಿಯವರು ಆರು ಬೆಂಚು ಹಾಕಿಸಿ, ಒಂದೊಂದರ ಬೆನ್ನಿನ ಮೇಲೂ ಬರೆಸಿದ್ದರು: 'ಕಂಪನಿಯ ಪ್ರೀತಿಯ ಕೊಡುಗೆ.'

"ನಿನ್ನನ್ನ ಆ ಬಸ್ಸಿಗೆ ಹತ್ತಿಸಿದ್ದು ನಾನೇ ಕಣೇ," ಅಂದ ಮಾವ.

ಅವನು ಎಲ್ಲ ಬಿಡಿಸಿ ಹೇಳಿದ. ಆಮೇಲೆ ಅವಳು ಕಾಗದಕ್ಕಂಟಿದ್ದ ಸಕ್ಕರೆಯನ್ನು ಸೆರಗಿನಿಂದ ಒರೆಸಿ, ಕಾಗದವನ್ನು ಅವನ ಕೈಗಿಟ್ಟಳು. "ಈ ಸಲದ ತಪಾಸಣೆ ಯಾವತ್ತು?"

"ನಾಡಿದ್ದು."

"ಹಾಗಾದ್ರೆ ನಾಡಿದ್ದು ಬಸ್‌ಸ್ಟ್ಯಾಂಡಿಗೆ ನೀವು ಬರೋದು ಬೇಡ. ನಾನೇ ಹೋಗ್ತೀನಿ."

ಮಂಗಳವಾರ ಇಂಜಿನಿಯರ್ ಮತ್ತೆ ಅದೇ ಹಲ್ಲು ಕಿರಿದುಕೊಂಡು ಬಂದ. ಅದೇ ಸೇಫ್ಟಿ, ಅದೇ ಹನ್ನೊಂದು ಸುತ್ತು. ಮಾವ ತೆಪ್ಪಗೆ ತಿರುಗಿಸಿದ. ಅಂಗಿಯೊಳಗೆ ಕಾಗದ ಹೊಟ್ಟೆಗೆ ಚುಚ್ಚುತ್ತಿತ್ತು.

ಹನ್ನೊಂದಕ್ಕೆ ತಪಾಸಣೆಯ ಅಧಿಕಾರಿ ಬಂದಳು. ಚಿಕ್ಕ ವಯಸ್ಸು, ಕಣ್ಣಿನವರೆಗೂ ಇಳಿಯುವ ಹೆಲ್ಮೆಟ್. ಪೆನ್ನಿನ ಗೀಟು ನೋಡಿದಳು, ಫಾರಂ ತೆಗೆದಳು. "ಇದೂ ಬಡ ಬಾವೀನೇ," ಅಂತ ಇಂಜಿನಿಯರ್ ಬಾವಿಗೇ ಅನುಕಂಪ ತೋರಿಸುವವನ ಹಾಗೆ ನಿಟ್ಟುಸಿರು ಬಿಟ್ಟ. ಮಾವನಿಗೆ ತಡೆಯಲಾಗಲಿಲ್ಲ.

"ಸಹಿ ಹಾಕ್ಬೇಡಿ ಮೇಡಂ. ಇದನ್ನ ನೋಡಿ."

ಅವಳು ಕಾಗದ ಬಿಡಿಸಿದಳು. ಡಬ್ಬಿಯ ತಳದ ಗುರುತು ನಾಲ್ಕು ಕಡೆ ಉಂಗುರದಂತೆ ಮೂಡಿತ್ತು. ಆ ಉಂಗುರಗಳ ನಡುವೆ ಗೀಟು ಬಿದ್ದು ಎದ್ದದ್ದು ಅವಳಿಗೆ ಕಂಡಿತು.

ಇಂಜಿನಿಯರ್ ಮಾವನನ್ನು ತೋಳು ಹಿಡಿದು ಪಕ್ಕಕ್ಕೆಳೆದ. "ಮಾವ, ಅತ್ತೆಗೆ ಹುಷಾರಿಲ್ಲ ಅಂತ ನಂಗೂ ಗೊತ್ತು. ನಾಳೆಯಿಂದ ಕಂಪನಿ ಕಾರು ನಿಮ್ಮ ಮನೆ ಬಾಗಿಲಿಗೇ ಬರುತ್ತೆ. ವಾರಕ್ಕೆ ಮೂರು ಸಲ. ಎ.ಸಿ. ಕಾರು."

ನಿಜ ಹೇಳಬೇಕೆಂದರೆ ಮಾವನ ಮನಸ್ಸು ಒಂದು ಗಳಿಗೆ ಆ ಕಾರಿನೊಳಗೆ ಹೋಗಿ ಕೂತುಬಿಟ್ಟಿತು. ಬರುವಾಗ ಕಿಟಕಿಗೆ ತಲೆ ಆನಿಸಿ ವಾಂತಿ ತಡೆದುಕೊಳ್ಳುವ ಹೆಂಡತಿ ಕಣ್ಣ ಮುಂದೆ ಬಂದಳು. ಅವಳ ಹಿಂದಿನ ಸೀಟಿನಲ್ಲಿ ಟೀಚರಮ್ಮ, ಅದರ ಹಿಂದೆ ಬೇಕರಿಯವನ ಮಗಳು. ಅಜ್ಜನ ಸೀಟು ಖಾಲಿ.

"ಉಳಿದ ಹದಿನೇಳು ಜನಕ್ಕೆ?" ಅಂದ ಮಾವ.

"ಅವರ ವಿಷಯ ನಿಮಗ್ಯಾಕೆ?"

"ಥೂ! ಬೆಂಚು ಕೊಟ್ರಿ, ಈಗ ಕಾರು ಕೊಡ್ತೀರ. ನಿಮ್ಮ ಕೊಡುಗೆ ಯಾರಿಗೆ ಬೇಕಾಗಿದೆ ಕಣಯ್ಯಾ? ನೆಲದೊಳಗಿನ ಗ್ಯಾಸು ನಿಮ್ಮಪ್ಪ ಹೂತಿಟ್ಟು ಹೋದದ್ದಾ? ಊರಿಗೆ ಬರ್ಬೇಕಾದ್ದನ್ನ ನೆಟ್ಟಗೆ ತೆರಿಗೆ ಅಂತ ಕಟ್ಟಿ, ಸಾಕು. ಅತ್ತೆಯಂತೆ! ಅಜ್ಜ ಸತ್ತಾಗ ಎಲ್ಲಿ ಹೋಗಿತ್ತು ಈ ನೆಂಟಸ್ತನ?"

ಅವನು ತೋಳು ಕೊಡವಿಕೊಂಡು ಚಕ್ರಕ್ಕೆ ಕೈ ಹಾಕಿದ. "ಮೇಡಂ, ಜೋರಾಗಿ ಎಣಿಸಿ."

ಅವಳು ಎಣಿಸಿದಳು. ಮೂರಕ್ಕೆ ಪೈಪು ಗುಂಯ್‌ಗುಟ್ಟಿತು. ಏಳಕ್ಕೆ ಪೆನ್ನು ಮೇಲೇರತೊಡಗಿತು. ಹನ್ನೊಂದು ಅನ್ನುವಷ್ಟರಲ್ಲಿ ಅವಳ ದನಿಯೂ ಏರಿತ್ತು.

"ಹೋದ ವರ್ಷ ಮುಚ್ಚಿದ್ದು ಯಾರು?" ಅಂತ ಕೇಳಿದಳು.

"ಮುಚ್ಚಿಸಿದ್ದು ಇವರು. ಮುಚ್ಚಿದ್ದು ನಾನೇ. ಎರಡನ್ನೂ ಬರ್ಕೊಳ್ಳಿ."

"ಬರೀತೀನಿ. ಆದ್ರೆ ಮೇಲಿನವರು ಏನ್ಮಾಡ್ತಾರೋ ನಂಗೊತ್ತಿಲ್ಲ."

"ಮೇಲಿನವರಿಗೂ ಕಿಡ್ನಿ ಇರುತ್ತಲ್ಲ ಮೇಡಂ. ಕೇಳಿ ನೋಡಿ."

ಅವಳು ಈ ವಾರದ ಕಾಗದಕ್ಕೂ ಅವನ ಸಹಿ ಹಾಕಿಸಿಕೊಂಡು, ಎರಡನ್ನೂ ಬ್ಯಾಗಿಗೆ ಸೇರಿಸಿ ಜಿಪ್ ಎಳೆದಳು. ಮೂರು ಗಂಟೆಗೆ ಕಂಪನಿಯ ಆಫೀಸಿನಿಂದ ಇನ್ನೊಂದು ಕಾಗದ ಬಂತು. ಇಪ್ಪತ್ತಾರು ವರ್ಷದ ಕೆಲಸ ನಾಲ್ಕು ಸಾಲಿನಲ್ಲಿ ಮುಗಿದಿತ್ತು.

ಸಂಜೆ ಬಸ್ಸಿಳಿದ ಹೆಂಡತಿಗೆ ಮಾವ ಕೈಯಾಸರೆ ಕೊಟ್ಟು, ಅವಳ ಚೀಲ ಇಸಿದುಕೊಂಡ. ಅವಳ ಹಿಂದೆ ಉಳಿದ ಹದಿನೇಳು ಜನ ಒಬ್ಬೊಬ್ಬರಾಗಿ, ಬಾಗಿಲಿನ ಕಂಬಿ ಹಿಡಿದುಕೊಂಡು ಇಳಿದರು. ಅವನು ತಲೆ ತಗ್ಗಿಸದೆ ಎಲ್ಲರನ್ನೂ ನೋಡಿದ.

"ಕಾಗದ ಕೊಟ್ರಾ?" ಅಂದಳು ಅವಳು.

"ಕೊಟ್ಟೆ."

"ಶೆಲ್ಫಿಗೆ ಈಗ ಏನು ಹಾಸ್ಲಿ?"

ಮಾವ ಜೇಬಿನಿಂದ ಕಂಪನಿಯ ಕಾಗದ ತೆಗೆದುಕೊಟ್ಟ. ಅವಳು ಬೀದಿ ದೀಪದ ಕೆಳಗೆ ನಿಂತು ನಾಲ್ಕೂ ಸಾಲು ಓದಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ತೀರಾ ಚಿಕ್ಕದಾಯ್ತು ಕಣ್ರೀ," ಅಂದಳು. "ಸಕ್ಕರೆ ಡಬ್ಬಿ ಒಂದರ ಕೆಳಗೆ ಇಡಬಹುದು, ಅಷ್ಟೇ."